ಕವಾಲಿ
ಇಂಡೋನೇಷ್ಯಾದ ಪಶ್ಚಿಮ ಜಾವಾ ಪ್ರಾಂತದ ಚಿಯಾಮಿಸ್ ಜಿಲ್ಲೆಗೆ ಸೇರಿದ ಗ್ರಾಮೀಣ ಉಪಜಿಲ್ಲೆ. ಸುಂಡಾ ಜನರ ನೆಲೆ. 14ನೆಯ ಶತಮಾನದಲ್ಲಿ ಸುಂಡಾ ಅರಸರ ರಾಜಧಾನಿಯಾಗಿತ್ತು. ಸಾವಾಲ್ ಪರ್ವತದ ಸೀಮೆಯಲ್ಲಿರುವ ಈ ಊರಿನಲ್ಲಿ ಪ್ರವಾಸಿಗರು ಮುಖ್ಯವಾಗಿ ನೋಡುವುದು ಅಸ್ತಾನಾ ಗೆಡೆ ಎಂಬ ಪುರಾತತ್ತ್ವ ನೆಲೆಯನ್ನು. ದಟ್ಟ ಮರಗಳ ನಡುವೆ ಹಳೆಯ ಸುಂಡಾ ಭಾಷೆಯ ಶಿಲಾಶಾಸನಗಳೂ ಇಸ್ಲಾಂ ಕಾಲದ ಗೋರಿಗಳೂ ಇವೆ. ಅರಸ ವಾಸ್ತು ಅರಮನೆಯನ್ನು ಅಲಂಕರಿಸಿ, ರಾಜಧಾನಿಯ ಸುತ್ತ ಕಂದಕ ತೋಡಿಸಿದನೆಂದು ಒಂದು ಶಾಸನ ತಿಳಿಸುತ್ತದೆ.

ಇಲ್ಲಿನ ಜಮೀನು ವ್ಯವಹಾರಕ್ಕೆ ದೇಶದ 1960ರ ಮೂಲ ಭೂಕಾಯಿದೆ ಅನ್ವಯಿಸುತ್ತದೆ. ವ್ಯಕ್ತಿಗಳ ಪೈಕಿ ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ ಪೂರ್ಣ ಒಡೆತನದ ಹಕ್ಕುಂಟು. ವಿದೇಶಿಯರು ಅವಧಿಗೆ ಒಳಪಟ್ಟ ಬಳಕೆಯ ಹಕ್ಕನ್ನೋ ಗುತ್ತಿಗೆಯನ್ನೋ ಪಡೆಯಬಹುದು. ಪೂರ್ಣ ಒಡೆತನವನ್ನು ನೇರವಾಗಿ ಅಥವಾ ಪರೋಕ್ಷವಾಗಿ ವಿದೇಶಿಯರಿಗೆ ವರ್ಗಾಯಿಸಿದರೆ ಆ ವ್ಯವಹಾರ ಅಸಿಂಧುವಾಗಿ, ಜಮೀನು ಸರ್ಕಾರದ ವಶವಾಗುತ್ತದೆ.