ಸೈಕಲ್ ಲೈಟಿನ ಕಥೆ: ಎಷ್ಟು ಬೆಳಕು ಅಲ್ಲ, ಎಷ್ಟು ಹೊತ್ತು?

ಇವತ್ತಿನ ವಿಷಯ ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕದು: ಸೈಕಲ್ಲಿನ ಮುಂದಿನ ಲೈಟು. ಆಫೀಸಿಗೋ ಕಾಲೇಜಿಗೋ ಸೈಕಲ್ ತುಳಿಯೋರು ಫೋನಲ್ಲಿ ಒಂದ್ಸಲ ಹುಡುಕಿ ನೋಡಿ. 400 ಲ್ಯೂಮೆನ್, 1000 ಲ್ಯೂಮೆನ್, ಅದಕ್ಕಿಂತ ಹೆಚ್ಚು... ಸಂಖ್ಯೆಗಳದ್ದೇ ಜಾತ್ರೆ. ಯಾವುದು ತಗೋಬೇಕು? ದೊಡ್ಡ ಸಂಖ್ಯೆ ಇರೋದನ್ನೇ ತಗೊಂಡ್ರೆ ಆಯ್ತಾ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ನೂರು ವರ್ಷದ ಹಿಂದೆ ಜಪಾನಿನ ಒಸಾಕಾ ನಗರದ ಸೈಕಲ್ ಅಂಗಡಿಗಳಲ್ಲಿ ಸಿಕ್ಕಿತ್ತು. ಆದ್ರೆ ಅಲ್ಲಿಗೆ ಹೋಗೋಕೆ ಮುಂಚೆ ಇಂಗ್ಲೆಂಡಿಗೆ ಒಂದು ಸುತ್ತು ಹೋಗಿ ಬರೋಣ.

1870ರ ದಶಕ. ಮುಂದಿನ ಚಕ್ರ ಆಳೆತ್ತರ, ಹಿಂದಿನದು ಪುಟಾಣಿ. ಅಂಥ ಸೈಕಲ್ಲುಗಳ ಕಾಲ ಅದು. ದೀಪ ಅಂದ್ರೆ ಎಣ್ಣೆ ದೀಪ. ಅದನ್ನ ದೊಡ್ಡ ಚಕ್ರದ ಒಳಗೆ, ಕಡ್ಡಿಗಳ ನಡುವೆ, ಗುಂಬಕ್ಕೆ ನೇತುಹಾಕ್ತಿದ್ರು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಸ್ ಅನ್ನೋರು ತಮ್ಮ ದೀಪಕ್ಕೆ 'ಕಿಂಗ್ ಆಫ್ ದಿ ರೋಡ್' ಅಂತ ಹೆಸರಿಟ್ಟು ಮಾರಿದ್ರು. ಹೆಸರು ರಸ್ತೆಯ ರಾಜ, ಬೆಳಕು ಮಾತ್ರ ಒಂದು ಬತ್ತಿಯದ್ದು!

ಆದ್ರೂ ಆ ಕಾಲಕ್ಕೆ ಅಷ್ಟು ಸಾಕಿತ್ತು. 1888ರಲ್ಲಿ ಬ್ರಿಟನ್ನಿನ ಸ್ಥಳೀಯ ಆಡಳಿತದ ಕಾನೂನು ಸೈಕಲ್ ಕೂಡ ಒಂದು ಗಾಡಿಯೇ ಅಂತ ಹೇಳಿತು. ಸೂರ್ಯ ಮುಳುಗಿ ಒಂದು ಗಂಟೆ ಆದಮೇಲಿಂದ, ಸೂರ್ಯ ಹುಟ್ಟೋಕೆ ಒಂದು ಗಂಟೆ ಮುಂಚಿನವರೆಗೆ ದೀಪ ಉರೀತಿರಬೇಕು ಅಂತ ನಿಯಮ ಮಾಡಿತು. ಯಾಕೆ ಅನ್ನೋದನ್ನ ಗಮನಿಸಿ. ಸವಾರನಿಗೆ ದಾರಿ ಕಾಣಲಿ ಅಂತಲ್ಲ; ಗಾಡಿ ಬರ್ತಿದೆ ಅಂತ ಬೇರೆಯವರಿಗೆ ಗೊತ್ತಾಗಲಿ ಅಂತ. ಅಂದ್ರೆ ಸೈಕಲ್ ದೀಪಕ್ಕೆ ಮೊದಲಿಂದಲೂ ಎರಡು ಕೆಲಸ: ನಾವು ನೋಡೋದು, ನಾವು ಕಾಣಿಸೋದು. ಕಾನೂನು ಕೇಳಿದ್ದು ಎರಡನೆಯದನ್ನ.

1890ರ ದಶಕದ ಕೊನೆಗೆ ಕಾರ್ಬೈಡ್ ದೀಪ ಬಂತು. ಮಾವಿನಕಾಯಿ ಬೇಗ ಹಣ್ಣಾಗಲಿ ಅಂತ ಕೆಲವರು ಕದ್ದುಮುಚ್ಚಿ ಬಳಸ್ತಾರಲ್ಲ, ಅದೇ ಕ್ಯಾಲ್ಸಿಯಂ ಕಾರ್ಬೈಡ್. ದೀಪದ ಮೇಲಿನ ಡಬ್ಬಿಯಲ್ಲಿ ನೀರು, ಕೆಳಗಿನದರಲ್ಲಿ ಕಾರ್ಬೈಡ್. ನೀರು ತೊಟ್ಟು ತೊಟ್ಟಾಗಿ ಬಿದ್ದ ಹಾಗೆ ಅಸಿಟಿಲೀನ್ ಅನಿಲ ಹುಟ್ಟಿ, ಬೆಳ್ಳಗೆ ಪ್ರಖರವಾಗಿ ಉರೀತಿತ್ತು. ಎಣ್ಣೆ ದೀಪ ಇದರ ಮುಂದೆ ಏನೇನೂ ಅಲ್ಲ. ಆದ್ರೆ ರಗಳೆ ಜಾಸ್ತಿ. ನೀರು ಹದವಾಗಿ ಬೀಳಬೇಕು, ವಾಸನೆ ಸಹಿಸಬೇಕು, ಉಳಿದ ಸುಣ್ಣದ ಗಸಿ ಕೆರೆದು ತೆಗೀಬೇಕು. ಬೆಳಕೇನೋ ಸಿಕ್ತು, ನೆಮ್ಮದಿ ಸಿಗಲಿಲ್ಲ.

ಈಗ ಒಸಾಕಾಗೆ ಬರೋಣ. ಅಲ್ಲಿ ಕೊನೊಸುಕೆ ಮಾತ್ಸುಶಿತಾ ಅಂತ ಒಬ್ಬರಿದ್ರು. ಹುಟ್ಟಿದ್ದು 1894ರಲ್ಲಿ. ಆಟ ಆಡೋ ವಯಸ್ಸಿನಲ್ಲೇ ಸೈಕಲ್ ಅಂಗಡಿಯಲ್ಲಿ ಕೆಲಸದ ಹುಡುಗನಾಗಿ ವರ್ಷಗಟ್ಟಲೆ ದುಡಿದವರು. 1918ರಲ್ಲಿ ವಿದ್ಯುತ್ ಸಾಮಾನು ತಯಾರಿಸೋ ಪುಟ್ಟ ಕಂಪನಿ ಶುರು ಮಾಡಿದ್ರು. ಆಗ ಜಪಾನಿನಲ್ಲಿ ಸೈಕಲ್ಲಿಗೆ ಎಣ್ಣೆ ದೀಪ ಇಲ್ಲವೇ ಮೇಣದಬತ್ತಿ. ಗಾಳಿ ಬೀಸಿದ್ರೆ ಆರಿಹೋಗೋದು. ಇಳಿ, ಹಚ್ಚು, ಹತ್ತು, ಮತ್ತೆ ಇಳಿ. ಬ್ಯಾಟರಿ ದೀಪಗಳೂ ಇದ್ವು, ಆದ್ರೆ ಎರಡು ಮೂರು ಗಂಟೆಗೇ ಸೆಲ್ಲು ಖಾಲಿ. ಹಾಗಾಗಿ ಬ್ಯಾಟರಿ ದೀಪ ಅಂದ್ರೆ ದುಡ್ಡು ದಂಡ ಅನ್ನೋ ಮಾತು ಎಲ್ಲರ ಬಾಯಲ್ಲಿತ್ತು.

ಮಾತ್ಸುಶಿತಾ ತಿಂಗಳುಗಟ್ಟಲೆ ಒಂದಾದ ಮೇಲೊಂದು ಮಾದರಿ ಮಾಡಿ ನೋಡಿದ್ರು. 1923ರಲ್ಲಿ ಬಂದೂಕಿನ ಗುಂಡಿನ ಆಕಾರದ ದೀಪ ತಯಾರಾಯ್ತು. ಅದರ ಗುಟ್ಟು ದೊಡ್ಡ ಬೆಳಕಲ್ಲ, ಕಡಿಮೆ ಕರೆಂಟು ಕುಡಿಯೋ ಚಿಕ್ಕ ಬಲ್ಬು. ಹಾಗಾಗಿ ಅದು 30 ಗಂಟೆಗೂ ಹೆಚ್ಚು ಹೊತ್ತು ಉರೀತಿತ್ತು. ಮೇಣದಬತ್ತಿಗಿಂತ ಅಗ್ಗ ಬೇರೆ.

ಆದ್ರೆ ಸಗಟು ವ್ಯಾಪಾರಿಗಳು ನಂಬಬೇಕಲ್ಲ? ಒಬ್ಬರೂ ತಗೊಳ್ಳಲಿಲ್ಲ. ಒಂದ್ಸಲ ಬ್ಯಾಟರಿ ದೀಪ ನಂಬಿ ಕತ್ತಲಲ್ಲಿ ನಿಂತವರು ಇನ್ನೊಂದನ್ನ ಯಾಕೆ ಕೊಳ್ತಾರೆ? ತಯಾರಾದ ದೀಪಗಳು ರಾಶಿ ಬಿದ್ದವು, ಕೈಯಲ್ಲಿದ್ದ ದುಡ್ಡೆಲ್ಲ ಅದರಲ್ಲೇ ಸಿಕ್ಕಿಹಾಕಿಕೊಂಡಿತು. ಆಗ ಅವರು ಜಾಹೀರಾತಿನ ಹಿಂದೆ ಹೋಗಲಿಲ್ಲ. ಊರಿನ ಸೈಕಲ್ ಅಂಗಡಿಗಳಿಗೆ ಜನ ಕಳಿಸಿ, ಒಂದೊಂದು ಅಂಗಡಿಯಲ್ಲಿ ಎರಡು ಮೂರು ದೀಪ ಪುಕ್ಕಟೆ ಇಡಿಸಿದ್ರು. ಒಂದನ್ನ ಹಚ್ಚಿಯೇ ಬಿಟ್ಟುಬಂದ್ರು. ಎಷ್ಟು ಹೊತ್ತು ಉರಿಯುತ್ತೆ ನೀವೇ ನೋಡಿ, ಆಮೇಲೆ ದುಡ್ಡು ಕೊಡಿ ಅನ್ನೋದು ಒಪ್ಪಂದ. ಅಂಗಡಿಯವರು ಬಾಗಿಲು ಹಾಕೋವಾಗ ದೀಪ ಉರೀತಿತ್ತು, ಮರುದಿನ ಬಾಗಿಲು ತೆಗೆದಾಗಲೂ ಉರೀತಿತ್ತು. ಆರ್ಡರುಗಳು ಬರೋಕೆ ಶುರುವಾದ್ವು. 1927ರಲ್ಲಿ ಬಂದ ಅವರ ಚೌಕಾಕಾರದ ದೀಪಕ್ಕೆ 'ನ್ಯಾಷನಲ್' ಅಂತ ಹೆಸರಿಟ್ರು. ಆ ಕಂಪನಿಯೇ ಇವತ್ತಿನ ಪ್ಯಾನಸೋನಿಕ್!

ನಮ್ಮ ಕಡೆ ಸೈಕಲ್ ದೀಪ ಅಂದ್ರೆ ಹಿರಿಯರಿಗೆ ನೆನಪಾಗೋದು ಡೈನಮೋ. ಟೈರಿಗೆ ತಾಗಿ ಗರ್‌ರ್ ಅಂತ ತಿರುಗೋದು, ಪೆಡಲ್ ಭಾರ ಆಗೋದು. ಕತ್ತಲಾದ ಮೇಲೆ ದೀಪ ಇಲ್ಲದೆ ಹೋದ್ರೆ ಪೊಲೀಸರು ಹಿಡೀತಿದ್ದ ಕಥೇನೂ ಅವರೇ ಹೇಳ್ತಾರೆ. ಡೈನಮೋಗೆ ಸೆಲ್ಲು ಬೇಡ, ಆದ್ರೆ ಚಕ್ರ ನಿಂತ್ರೆ ದೀಪವೂ ಆರುತ್ತೆ. ವೃತ್ತದಲ್ಲಿ ಕಾಲೂರಿ ನಿಂತಾಗ, ಅಂದ್ರೆ ಕಾಣಿಸಲೇಬೇಕಾದ ಹೊತ್ತಲ್ಲೇ ಕತ್ತಲು.

ನಿಮ್ಮ ಕೈಲಿರೋ ಪುಟ್ಟ ಲೈಟಿನ ಹಿಂದೆ ಎರಡು ಸಂಗತಿ ಇವೆ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಒಂದು. ತೊಂಬತ್ತರ ದಶಕದಲ್ಲೇ ಬೆಳಗಿದ ನೀಲಿ ಎಲ್‌ಇಡಿ ಇನ್ನೊಂದು. ನೀಲಿ ಬೆಳಕಿಗೆ ಹಳದಿ ಫಾಸ್ಫರ್ ಲೇಪ ಸೇರಿದಾಗ ಬಿಳಿ ಬೆಳಕು ಬಂತು. ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಕಾಮುರಾ ಮೂವರಿಗೂ 2014ರಲ್ಲಿ ನೊಬೆಲ್ ಸಿಕ್ತು. ಹೀಗೆ ಬೆಳಕಿನ ಕೊರತೆ ತೀರಿತು. ಹಳೇ ಪ್ರಶ್ನೆಗಳು ಮಾತ್ರ ಹಾಗೇ ಇವೆ.

ಮೊದಲನೇ ಪ್ರಶ್ನೆ ಮಾತ್ಸುಶಿತಾ ಅವರದ್ದು: ಎಷ್ಟು ಹೊತ್ತು? ದಿನಕ್ಕೆ 45 ನಿಮಿಷ ಕತ್ತಲ ದಾರಿ ಅಂದುಕೊಳ್ಳಿ. ಐದು ದಿನಕ್ಕೆ ಮೂರೂಮುಕ್ಕಾಲು ಗಂಟೆ. ಪೂರ್ತಿ ಬೆಳಕಿನಲ್ಲಿ ಒಂದೂವರೆ ಗಂಟೆ ಮಾತ್ರ ಬರೋ ಲೈಟನ್ನ ಸೋಮವಾರ ಚಾರ್ಜ್ ಮಾಡಿ ಮರೆತ್ರೆ, ಬುಧವಾರ ಸಂಜೆ ಕೈಕೊಡುತ್ತೆ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದಿರೋ ಗಂಟೆಗಳು ಎಷ್ಟೋ ಸಲ ಅತಿ ಮಂದ ಬೆಳಕಿನ ಲೆಕ್ಕ. ನೀವು ನಿಜವಾಗಿ ಬಳಸೋ ಮೋಡಿನ ಲೆಕ್ಕ ನೋಡಿ.

ಎರಡನೇದು: ಬೆಳಕು ಎಲ್ಲಿ ಬೀಳುತ್ತೆ? ಲ್ಯೂಮೆನ್ ಅಂದ್ರೆ ಲೈಟಿನಿಂದ ಹೊರಡೋ ಒಟ್ಟು ಬೆಳಕು. ಲಕ್ಸ್ ಅಂದ್ರೆ ಒಂದು ಜಾಗದ ಮೇಲೆ ಬೀಳೋ ಬೆಳಕು. ಟಾರ್ಚಿನ ಹಾಗೆ ದುಂಡಗೆ ಹರಡೋ ಲೈಟು ಅರ್ಧ ಬೆಳಕನ್ನ ಮರಕ್ಕೆ, ಎದುರಿನವರ ಕಣ್ಣಿಗೆ ಸುರಿಯುತ್ತೆ. ಕಣ್ಣು ಕೋರೈಸಿದ ಬೈಕ್ ಸವಾರನಿಗೆ ನೀವೇ ಕಾಣಿಸಲ್ಲ. ಅದಕ್ಕೇ ಜರ್ಮನಿಯ ನಿಯಮ ಲ್ಯೂಮೆನ್ ಕೇಳೋದಿಲ್ಲ, 10 ಮೀಟರ್ ದೂರದಲ್ಲಿ ಇಷ್ಟು ಲಕ್ಸ್ ಬೀಳಬೇಕು, ಎದುರಿನವರ ಕಣ್ಣಿಗೆ ಹೊಡೀಬಾರದು ಅನ್ನುತ್ತೆ. ಮೇಲಂಚು ಕತ್ತರಿಸಿದ ಹಾಗೆ ಬೆಳಕು ಬೀಳೋ ಲೈಟು ಸಿಕ್ರೆ ಅದನ್ನೇ ತಗೊಳ್ಳಿ. ಸಿಗಲಿಲ್ಲ ಅಂದ್ರೆ ಇರೋದನ್ನ ಸ್ವಲ್ಪ ಕೆಳಕ್ಕೆ ಬಗ್ಗಿಸಿ. ರಸ್ತೆಯ ಗುಂಡಿ ಇರೋದೂ ಕೆಳಗೇ ತಾನೇ?

ಕೊನೇದಾಗಿ, ಒಸಾಕಾದ ಅಂಗಡಿಯವರು ಮಾಡಿದ ಪರೀಕ್ಷೆ ನಿಮ್ಮ ಮನೇಲೂ ಆಗುತ್ತೆ. ಹೊಸ ಲೈಟು ಬಂದ ದಿನ ಪೂರ್ತಿ ಚಾರ್ಜ್ ಮಾಡಿ, ನಿಮಗೆ ಬೇಕಾದ ಮೋಡಿನಲ್ಲಿ ಹಚ್ಚಿಡಿ, ಗಡಿಯಾರ ನೋಡ್ತಿರಿ. ವಾಪಸ್ ಕಳಿಸೋ ಅವಧಿ ಮುಗಿಯೋಕೆ ಮುಂಚೆ ನಿಜ ಗೊತ್ತಾಗುತ್ತೆ.

ಮುಂದಿನ ಎಪಿಸೋಡಿನಲ್ಲಿ ಸಿಗೋಣ. ಅಲ್ಲೀವರೆಗೆ ಹುಷಾರಾಗಿ ತುಳೀರಿ.