ಹಕ್ಕಿಯ ಚಿತ್ರವೂ ಕತ್ತರಿಯೂ

ಚಿತ್ರಕ್ಕೆ ನಾಲ್ಕು ಅಂಚುಗಳುಂಟು; ಕಾಡಿನ ಹಕ್ಕಿಗೆ ಅಂತಹ ಕಟ್ಟಳೆ ಯಾವುದೂ ಇಲ್ಲ. ಈ ಎರಡನ್ನೂ ಹೊಂದಿಸಬೇಕಾದಾಗ ಯಾವುದಾದರೊಂದನ್ನು ಬಗ್ಗಿಸಬೇಕು, ಇಲ್ಲವೆ ಕತ್ತರಿಸಬೇಕು. ಬಗ್ಗಿದುದು ಯಾವುದು, ಕತ್ತರಿ ಬಿದ್ದುದು ಯಾವುದರ ಮೇಲೆ ಎಂಬುದನ್ನು ಕಾಲಕ್ರಮದಲ್ಲಿ ವಿಚಾರಿಸಿ ನೋಡಿದರೆ, ಪಕ್ಷಿಚಿತ್ರಕಲೆಯ ಚರಿತ್ರೆ ಮಾತ್ರವಲ್ಲದೆ, ಮನುಷ್ಯನಿಗೆ ಹಕ್ಕಿಗಳಲ್ಲಿದ್ದ ಭಾವವು ಹೇಗೆ ಬದಲಾಯಿತೆಂಬುದೂ ತಿಳಿದುಬರುವುದು.

ಛಾಯಾಚಿತ್ರವು ಬಳಕೆಗೆ ಬರುವ ಮೊದಲು ಈ ತೊಡಕು ಚಿತ್ರಕಾರನದಾಗಿದ್ದಿತು. ಅಮೆರಿಕದ ಜಾನ್ ಜೇಮ್ಸ್ ಆಡುಬಾನನು 1827ರಿಂದ 1838ರವರೆಗೆ ಆ ದೇಶದ ಪಕ್ಷಿಗಳನ್ನು ಕುರಿತು 435 ಚಿತ್ರಫಲಕಗಳನ್ನು ಪ್ರಕಟಿಸಿದನು. ಪ್ರತಿಯೊಂದು ಹಕ್ಕಿಯೂ ಅದರ ನಿಜಗಾತ್ರದಲ್ಲಿಯೇ ಇರಬೇಕೆಂಬುದು ಅವನ ಹಟ. ಆದುದರಿಂದ ಸುಮಾರು 39 ಅಂಗುಲ ಉದ್ದ, 26 ಅಂಗುಲ ಅಗಲದ ಭಾರಿ ಕಾಗದವನ್ನು ಆರಿಸಿಕೊಂಡನು. ಅಷ್ಟಾದರೂ ರಾಜಹಂಸದಂತಹ ಎತ್ತರದ ಹಕ್ಕಿಗೆ ಆ ಹಾಳೆ ಸಾಲದೆ ಹೋಯಿತು. ಅವನು ಅದರ ನೀಳವಾದ ಕೊರಳನ್ನು ನೆಲದ ಕಡೆಗೆ ಬಾಗಿಸಿ ಹಾಳೆಯೊಳಗೆ ಕೂಡಿಸಿದನು. ಚಿಕ್ಕ ಹಕ್ಕಿಗಳ ಸುತ್ತ ಉಳಿದ ಬಯಲನ್ನು ಹೂ, ಕಾಯಿ, ಕೊಂಬೆಗಳಿಂದ ತುಂಬಿದನು. ಹೀಗೆ ಬಾಗಿಸುವುದು ಸಾಧ್ಯವಾದುದೇಕೆ? ಅವನ ಎದುರಿಗಿದ್ದುದು ಗುಂಡಿಗೆ ಬಲಿಯಾಗಿ, ಚೌಕಗಳನ್ನು ಎಳೆದ ಹಲಗೆಯ ಮೇಲೆ ತಂತಿಗಳಿಂದ ನಿಲ್ಲಿಸಲ್ಪಟ್ಟ ಹಕ್ಕಿ. ಚಿತ್ರಗಳು ಮನೋಹರವಾಗಿವೆ, ಆದರೆ ಅಲ್ಲಿ ಚೌಕಟ್ಟಿಗಾಗಿ ಬಾಗಿದುದು ಹಕ್ಕಿಯೇ.

ಛಾಯಾಗ್ರಹಣದ ವಿಧಾನವು 1839ರಲ್ಲಿ ಲೋಕಕ್ಕೆ ತಿಳಿಯಿತು. ಆದರೂ ಬಹುಕಾಲ ಕಾಡುಹಕ್ಕಿಯು ಅದಕ್ಕೆ ಸಿಕ್ಕಲಿಲ್ಲ. ಫಲಕದ ಮೇಲೆ ಬಿಂಬ ಮೂಡುವುದಕ್ಕೆ ಬೇಕಾಗುವಷ್ಟು ಹೊತ್ತು ಯಾವ ಹಕ್ಕಿ ತಾನೇ ಅಲುಗದೆ ಕುಳಿತೀತು? ಒಣ ಗಾಜಿನ ಫಲಕಗಳು ಬಂದಮೇಲೆ ಈ ಅಡ್ಡಿಯು ಸ್ವಲ್ಪ ಕಡಿಮೆಯಾಯಿತು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ರಿಚರ್ಡ್ ಕಿಯರ್ಟನ್, ಚೆರಿ ಕಿಯರ್ಟನ್ ಎಂಬ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಚಿತ್ರವನ್ನು ತೆಗೆದರು. 1895ರಲ್ಲಿ ಬ್ರಿಟನ್ನಿನ ಹಕ್ಕಿಗೂಡುಗಳನ್ನು ಕುರಿತ ಅವರ ಗ್ರಂಥವು ಛಾಯಾಚಿತ್ರಗಳೊಡನೆ ಹೊರಬಂದಿತು. ಎತ್ತಿನ ಚರ್ಮದಿಂದ ಟೊಳ್ಳಾದ ಎತ್ತನ್ನು ಮಾಡಿಸಿ, ಅದರ ಹೊಟ್ಟೆಯಲ್ಲಿ ಅಡಗಿ ನಿಂತು ಹಕ್ಕಿಗಳನ್ನು ಸಮೀಪಿಸಿದವರೂ ಇವರೇ. ಬಂದೂಕವಿಲ್ಲದೆ ಹಕ್ಕಿಯನ್ನು ಮನೆಗೆ ತರಬಹುದೆಂಬುದನ್ನು ಇವರು ತೋರಿಸಿಕೊಟ್ಟರು.

ಆದರೆ ಇಲ್ಲಿಯೇ ಹೊಸದೊಂದು ಕೇಡು ಮೊದಲಾಯಿತು. ಅಂದಿನ ಯಂತ್ರಗಳು ಭಾರವಾದುವು, ಮಸೂರಗಳು ದೂರವನ್ನು ಹತ್ತಿರಕ್ಕೆ ತರಲಾರವು. ಹಕ್ಕಿಯು ತಪ್ಪದೆ ಬರುವ ಸ್ಥಳವೆಂದರೆ ಅದರ ಗೂಡು; ಆದುದರಿಂದ ಛಾಯಾಗ್ರಾಹಕರು ಗೂಡಿನ ಮುಂದೆಯೇ ಮರೆಯನ್ನು ಕಟ್ಟಿ ಕುಳಿತರು. ಗೂಡಾದರೋ ಎಲೆಗಳ ನಡುವೆ ಅಡಗಿರುವುದು. ಅಡ್ಡಬಂದ ಕೊಂಬೆಯನ್ನು ತೆಗೆದರೆ ಚಿತ್ರವು ನಿರ್ಮಲವಾಗುವುದು. ಇಂಗ್ಲಿಷ್ ಛಾಯಾಗ್ರಾಹಕರ ಮಾತಿನಲ್ಲಿ ಈ ಕೆಲಸಕ್ಕೆ ‘ತೋಟಗೆಲಸ’ವೆಂದು ಹೆಸರು. ಹೆಸರೇನೋ ಸೌಮ್ಯವಾದುದು, ಫಲವು ಸೌಮ್ಯವಲ್ಲ. ಎಲೆಯ ಮರೆ ಹೋದ ಗೂಡಿನಲ್ಲಿ ಮರಿಗಳು ಬಿಸಿಲಿಗೆ ಬೇಯುವುವು. ಕಾಗೆ, ಕೆಂಬೂತಗಳಿಗೆ ದಾರಿ ತೆರೆಯುವುದು. ಚಿತ್ರ ತೆಗೆದವನು ಸಂತೋಷದಿಂದ ಮನೆಗೆ ಹೋದಮೇಲೆ ಆ ಗೂಡು ಬರಿದಾದರೆ ಅದನ್ನು ಬರೆದಿಡುವವರಾರು? ವಿವೇಕಿಗಳು ಕೊಂಬೆಯನ್ನು ಕಡಿಯದೆ ದಾರದಿಂದ ಹಿಂದಕ್ಕೆ ಕಟ್ಟಿ, ಕೆಲಸ ತೀರಿದೊಡನೆ ಬಿಚ್ಚುತ್ತಿದ್ದರು. ಗೂಡಿನ ಬಳಿ ಸುಳಿಯುವವನನ್ನು ಹಕ್ಕಿಯು ಏನೆಂದು ಬಗೆಯುವುದೆಂಬುದಕ್ಕೆ ಎರಿಕ್ ಹಾಸ್ಕಿಂಗನ ದೃಷ್ಟಾಂತವೊಂದೇ ಸಾಕು. ಹೆಸರಾಂತ ಈ ಛಾಯಾಗ್ರಾಹಕನು 1937ರಲ್ಲಿ ಗೂಬೆಯೊಂದು ಎರಗಿ ಹೊಡೆದುದರಿಂದ ಎಡಗಣ್ಣನ್ನೇ ಕಳೆದುಕೊಂಡನು.

ಕತ್ತರಿಗೆ ಇದಕ್ಕಿಂತ ಯೋಗ್ಯವಾದ ಸ್ಥಳವೊಂದು ಕತ್ತಲೆಕೋಣೆಯಲ್ಲಿದ್ದಿತು. ಬಿಂಬವನ್ನು ಹಿಗ್ಗಿಸುವ ಯಂತ್ರವು ರೂಢಿಗೆ ಬಂದಮೇಲೆ, ತೆಗೆದ ಚಿತ್ರದಲ್ಲಿ ಬೇಕಾದ ಭಾಗವನ್ನು ಮಾತ್ರ ಉಳಿಸಿಕೊಂಡು ಅಂಚುಗಳನ್ನು ಬಿಡುವುದು ಸುಲಭವಾಯಿತು. ಅದರೊಡನೆ ಕೆಲವು ನಿಯಮಗಳೂ ನೆಲೆಗೊಂಡುವು. ಹಕ್ಕಿಯ ದೃಷ್ಟಿ ಯಾವ ಕಡೆಗಿರುವುದೋ ಆ ಕಡೆ ಹೆಚ್ಚು ತೆರಪಿರಬೇಕು. ಕೊಕ್ಕು ಅಂಚಿಗೆ ತಾಗಿದರೆ ಹಕ್ಕಿಯು ಗೋಡೆಗೆ ಮುಖಮಾಡಿದಂತೆ ಕಾಣುವುದು. ಬಾಲದ ತುದಿಯನ್ನಾಗಲಿ ಕಾಲುಗಳನ್ನಾಗಲಿ ಅರ್ಧಕ್ಕೆ ಕಡಿಯಬಾರದು. ಹಕ್ಕಿಯು ನಟ್ಟನಡುವೆ ಕುಳಿತಿರಬೇಕಾಗಿಲ್ಲ. ಸುತ್ತಣ ಜೊಂಡು, ನೀರು, ಬಂಡೆಗಳಲ್ಲಿ ಅದರ ಬಾಳನ್ನು ತಿಳಿಸುವಷ್ಟನ್ನು ಉಳಿಸಬೇಕು. ಎಲ್ಲವನ್ನೂ ಕತ್ತರಿಸಿದರೆ ಉಳಿಯುವುದು ರೂಪ ಮಾತ್ರ.

ನಮ್ಮ ದೇಶದಲ್ಲಿಯೂ ಈ ಕಲೆಯು ಬೆಳೆಯಿತು. ಇ. ಎಚ್. ಎನ್. ಲೋದರ್ ಎಂಬವರ ಭಾರತದ ಪಕ್ಷಿಛಾಯಾಗ್ರಹಣದ ಪುಸ್ತಕವು 1949ರಲ್ಲಿ ಪ್ರಕಟವಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ವನ್ಯಜೀವಿಗಳ ಚಿತ್ರಗಳಿಂದ ದೂರದೇಶಗಳಲ್ಲಿಯೂ ಕೀರ್ತಿಯನ್ನು ಪಡೆದರು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಕಾಡುಹಕ್ಕಿಗಳ ಮೊಟ್ಟೆಗೂಡುಗಳನ್ನು ಕಲಕುವುದನ್ನೂ ಬೇಟೆಯೆಂಬ ಮಾತಿನ ಅರ್ಥದಲ್ಲಿಯೇ ಸೇರಿಸಿತು. ಕೊಂಬೆಯ ಮೇಲೆ ಆಡಿದ ಕತ್ತರಿಯು ಬಂದೂಕಿನ ಸಾಲಿಗೇ ಸೇರಿತೆನ್ನಬಹುದು. ಇಂದು ಹಲವು ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ.

ಅದೇ ಕಾಲದಲ್ಲಿ ಅಂಚಿನ ಕತ್ತರಿಗೆ ಮಾನ್ಯತೆ ದೊರೆಯಿತು. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಕೂಡಿ ಒಪ್ಪಿ 2015ರಿಂದ ಜಾರಿಗೆ ತಂದ ನಿಯಮದಂತೆ, ನಿಸರ್ಗಚಿತ್ರದಲ್ಲಿ ಏನನ್ನೂ ಸೇರಿಸಲಾಗದು, ಸ್ಥಳ ಬದಲಿಸಲಾಗದು, ಅಂಚನ್ನು ಕತ್ತರಿಸುವುದರ ಹೊರತು ಬೇರೆ ವಿಧದಿಂದ ಏನನ್ನೂ ತೆಗೆಯಲಾಗದು. ಆದರೆ ಈ ಕತ್ತರಿಗೂ ಬೆಲೆಯುಂಟು. 240 ಲಕ್ಷ ಬಿಂದುಗಳಿರುವ ಚಿತ್ರವನ್ನು ಉದ್ದ ಅಗಲಗಳೆರಡರಲ್ಲೂ ಅರ್ಧಕ್ಕಿಳಿಸಿದರೆ ಉಳಿಯುವುದು 60 ಲಕ್ಷ ಮಾತ್ರ. ಗರಿಯ ನವುರು ಅಷ್ಟರಮಟ್ಟಿಗೆ ಕುಂದುವುದು. ಇದರಿಂದಲೇ ಕೆಲವರು ಇನ್ನೂ ನಾಲ್ಕು ಹೆಜ್ಜೆ ಮುಂದಿಟ್ಟು ಹಕ್ಕಿಯನ್ನು ಎಬ್ಬಿಸುವರು. ಅಂಚಿನ ಕತ್ತರಿಯು ಸುಳ್ಳನ್ನೂ ಹೇಳಬಲ್ಲುದು: ಪಂಜರದ ಸರಳನ್ನೋ, ಹಕ್ಕಿಯನ್ನು ಸೆಳೆಯಲು ಇಟ್ಟ ತಿನಿಸಿನ ತಟ್ಟೆಯನ್ನೋ ಮರೆಮಾಡಿ, ಸಾಕಿದುದನ್ನು ಕಾಡಿನದೆಂದು ತೋರಿಸಬಲ್ಲುದು. ಅಂತಹ ಚಿತ್ರದ ಕೆಳಗೆ ನಿಜಸ್ಥಿತಿಯನ್ನು ಬರೆಯುವುದೇ ಧರ್ಮ.

ದೂರದಲ್ಲಿ ನಿಂತು ತೆಗೆದು, ಆಮೇಲೆ ಅಂಚನ್ನು ಕತ್ತರಿಸಿಕೊಂಡ ಚಿತ್ರವನ್ನು ಅಸಾಮರ್ಥ್ಯದ ಗುರುತೆಂದು ಹೀಗಳೆಯುವವರುಂಟು. ಮೇಲಣ ಚರಿತ್ರೆಯನ್ನು ಬಲ್ಲವರು ಹಾಗೆನ್ನಲಾರರು. ಆಡುಬಾನನ ಕಾಲದಲ್ಲಿ ಹಕ್ಕಿಯು ಪ್ರಾಣವನ್ನೇ ತೆತ್ತಿತು. ಗೂಡಿನ ಚಿತ್ರಗಳ ಕಾಲದಲ್ಲಿ ಮರಿಗಳು ನೆರಳನ್ನು ತೆತ್ತುವು. ಈಗ ಕೆಲವು ಲಕ್ಷ ಬಿಂದುಗಳನ್ನು ಚಿತ್ರ ತೆಗೆಯುವವನು ತೆರುವನು. ಬೇಕೆಂದು ಬಯಸಿದವನೇ ಬೆಲೆಯನ್ನು ಕೊಡುವುದು ನ್ಯಾಯವಾದುದರಿಂದ, ನಮ್ಮ ಜಿಲ್ಲೆಯ ಕೆರೆಕಾಡುಗಳಲ್ಲಿ ಯಂತ್ರ ಹಿಡಿದು ತಿರುಗುವ ತರುಣರು ಈ ಚಿಕ್ಕ ನಷ್ಟವನ್ನು ಸಂತೋಷದಿಂದಲೇ ಹೊರಬೇಕು.