ಮೊಳಕೆಗಳ ಮೈದಾನ: ಅರಿಜೋನಾ ಫಾಲ್ ಲೀಗ್ ಕಥೆ



ಅಕ್ಟೋಬರ್ ತಿಂಗಳು, ಬೇಸ್‌ಬಾಲ್ ಎಂದ ಕೂಡಲೇ ನಿಮಗೆ ನೆನಪಾಗುವುದು ವರ್ಲ್ಡ್ ಸೀರೀಸ್. ತುಂಬಿ ತುಳುಕುವ ಸ್ಟೇಡಿಯಂ, ಟಿವಿ ಮುಂದೆ ಕೂತ ಲಕ್ಷಾಂತರ ಜನ. ಅದೇ ದಿನಗಳಲ್ಲಿ ನಮ್ಮ ಫೀನಿಕ್ಸ್ ಸುತ್ತಮುತ್ತ ಇನ್ನೊಂದು ಬೇಸ್‌ಬಾಲ್ ನಡೆಯುತ್ತಿರುತ್ತದೆ. ಅಲ್ಲಿ ಸಾವಿರಾರು ಸೀಟು ಖಾಲಿ. ಹೋಮ್ ಪ್ಲೇಟ್ ಹಿಂದೆ ಕೆಲವರು ಚೆಂಡಿನ ವೇಗ ಅಳೆಯುವ ರಡಾರ್ ಗನ್ ಹಿಡಿದು, ನೋಟ್ ಬರೆದುಕೊಳ್ಳುತ್ತಾ ಕೂತಿರುತ್ತಾರೆ. ಆಡುವವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆದರೆ ಎರಡು ವರ್ಷ ಕಳೆದರೆ ಅದರಲ್ಲಿ ಕೆಲವರ ಹೆಸರಿರುವ ಜೆರ್ಸಿಯನ್ನು ನಿಮ್ಮ ಕ್ಲಾಸಿನವರೇ ಹಾಕಿಕೊಂಡು ಬರಬಹುದು.

ಇದೇ ಅರಿಜೋನಾ ಫಾಲ್ ಲೀಗ್. ಇಲ್ಲಿ ಫಾಲ್ ಎಂದರೆ ಬೀಳುವುದಲ್ಲ, ಶರತ್ಕಾಲ. ಆದರೂ ಈ ಲೀಗಿಗೂ ಬೀಳುವುದಕ್ಕೂ ಒಂದು ಸಂಬಂಧ ಇದೆ. ಅದನ್ನು ಹೇಳಲಿಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಪ್ರಾಸ್ಪೆಕ್ಟ್ ಎಂದರೆ ಯಾರು?

ಕ್ರಿಕೆಟ್ ನೋಡಿ ಬೆಳೆದ ಅಜ್ಜ ಅಜ್ಜಿಯರಿಗೆ, ಅಂಕಲ್ ಆಂಟಿಯರಿಗೆ ಮೊದಲು ಸ್ವಲ್ಪ ವಿವರಿಸುತ್ತೇನೆ. ಅಮೆರಿಕ, ಕೆನಡಾ ಸೇರಿ ಮೇಜರ್ ಲೀಗಿನಲ್ಲಿ 30 ತಂಡಗಳಿವೆ. ಪ್ರತಿ ತಂಡದ ಕೆಳಗೆ ಏಣಿಯ ಮೆಟ್ಟಿಲುಗಳ ಹಾಗೆ ಮೈನರ್ ಲೀಗ್ ತಂಡಗಳಿವೆ. ಹೈಸ್ಕೂಲಿನಿಂದಲೋ ಕಾಲೇಜಿನಿಂದಲೋ ಆಯ್ಕೆಯಾದ ಹುಡುಗ ನೇರವಾಗಿ ದೊಡ್ಡ ತಂಡಕ್ಕೆ ಹೋಗುವುದು ತೀರಾ ಅಪರೂಪ. ಸಿಂಗಲ್ ಎ, ಡಬಲ್ ಎ, ಟ್ರಿಪಲ್ ಎ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಹಾಗೆ ಹತ್ತುತ್ತಿರುವವರಲ್ಲಿ, ಇವನು ಮುಂದೆ ಬರಬಹುದು ಎಂದು ಭರವಸೆ ಹುಟ್ಟಿಸಿದ ಆಟಗಾರನನ್ನು ಪ್ರಾಸ್ಪೆಕ್ಟ್ ಎನ್ನುತ್ತಾರೆ. ಭಾರತ ತಂಡಕ್ಕೆ ಸೇರುವ ಮೊದಲು ಹುಡುಗರು ಇಂಡಿಯಾ ಎ ತಂಡದಲ್ಲಿ ಆಡುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ.

ಮೈನರ್ ಲೀಗ್ ಸೀಸನ್ ಸೆಪ್ಟೆಂಬರ್ ಹೊತ್ತಿಗೆ ಮುಗಿಯುತ್ತದೆ. ಆಮೇಲೆ 30 ತಂಡಗಳೂ ತಮ್ಮ ಕೆಲವು ಪ್ರಾಸ್ಪೆಕ್ಟ್‌ಗಳನ್ನು ಆರಿಸಿ ಅರಿಜೋನಾಕ್ಕೆ ಕಳಿಸುತ್ತವೆ. ಕೆಲವರು ಆ ವರ್ಷ ಅದ್ಭುತವಾಗಿ ಆಡಿದವರು. ಇನ್ನು ಕೆಲವರು ಗಾಯವಾಗಿ ತಿಂಗಳುಗಟ್ಟಲೆ ಬೆಂಚಿನ ಮೇಲೆ ಕೂತಿದ್ದವರು, ಅವರು ಕಳೆದುಕೊಂಡ ಅಭ್ಯಾಸವನ್ನು ಇಲ್ಲಿ ತುಂಬಿಸಿಕೊಳ್ಳಬೇಕು.

1992ಕ್ಕೆ ಮೊದಲು

ಈ ಲೀಗ್ ಹುಟ್ಟುವುದಕ್ಕೆ ಮುಂಚೆ ಚಳಿಗಾಲದಲ್ಲಿ ಆಡಬೇಕು ಎನ್ನುವವರು ಡೊಮಿನಿಕನ್ ರಿಪಬ್ಲಿಕ್, ಪೋರ್ಟೊ ರಿಕೊ, ವೆನೆಜುವೆಲಾ, ಮೆಕ್ಸಿಕೊಗಳಿಗೆ ಹೋಗುತ್ತಿದ್ದರು. ಅಲ್ಲಿಯ ವಿಂಟರ್ ಲೀಗ್‌ಗಳಿಗೆ ಬಹಳ ಹಳೆಯ, ಹೆಮ್ಮೆಯ ಇತಿಹಾಸ ಇದೆ. ಅವುಗಳ ಚಾಂಪಿಯನ್ನರ ನಡುವೆ ನಡೆಯುವ ಕೆರಿಬಿಯನ್ ಸೀರೀಸ್ 1949ರಲ್ಲಿ ಕ್ಯೂಬಾದ ಹವಾನಾದಲ್ಲಿ ಶುರುವಾಯಿತು.

ಆದರೆ ಒಂದು ತೊಂದರೆ ಇತ್ತು. ಅಲ್ಲಿಯ ತಂಡಗಳಿಗೆ ಗೆಲುವು ಬೇಕು. ಊರಿನ ಅಭಿಮಾನಿಗಳು ದುಡ್ಡು ಕೊಟ್ಟು ನೋಡಲು ಬಂದಿರುತ್ತಾರೆ, ಅವರು ಗೆಲುವು ಕೇಳುವುದು ನ್ಯಾಯವೇ. ಅಮೆರಿಕದಿಂದ ಬಂದ ಹುಡುಗ ಒಂದು ವಾರ ಸರಿಯಾಗಿ ಹೊಡೆಯದಿದ್ದರೆ ಅವನನ್ನು ಮನೆಗೆ ಕಳಿಸಿ ಬೇರೆಯವನನ್ನು ಕರೆಸಿಕೊಳ್ಳಬಹುದಿತ್ತು. ಪಿಚರ್ ಚೆನ್ನಾಗಿ ಎಸೆಯುತ್ತಿದ್ದರೆ ಅವನ ತೋಳಿಗೆ ವಿಶ್ರಾಂತಿ ಸಿಗದೆ ಹೋಗಬಹುದಿತ್ತು. ಅವನ ಸ್ವಂತ ತಂಡದವರಿಗೋ ಅವನು ಗೆಲ್ಲುವುದಕ್ಕಿಂತ ಕಲಿಯುವುದು ಮುಖ್ಯ. ಗೆಲ್ಲಲೇಬೇಕಾದ ಜಾಗದಲ್ಲಿ ಹೊಸದನ್ನು ಕಲಿಯುವುದು ಕಷ್ಟ ಎಂದು ಪರೀಕ್ಷೆಯ ವಾರದಲ್ಲಿ ಹೊಸ ಪಾಠ ಓದಿದವರಿಗೆಲ್ಲ ಗೊತ್ತು.

ಇದಕ್ಕೆ ದಾರಿ ಹುಡುಕಿದವರಲ್ಲಿ ಮುಖ್ಯರಾದವರು ರೋಲಂಡ್ ಹೆಮಂಡ್. 1929ರಲ್ಲಿ ಹುಟ್ಟಿದ ಇವರು 1951ರಲ್ಲಿ ಒಂದು ಮೈನರ್ ಲೀಗ್ ತಂಡದ ಆಫೀಸಿನಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಶಿಕಾಗೊ ವೈಟ್ ಸಾಕ್ಸ್, ಆಮೇಲೆ ಬಾಲ್ಟಿಮೋರ್ ಓರಿಯೋಲ್ಸ್ ತಂಡಗಳಿಗೆ ಜನರಲ್ ಮ್ಯಾನೇಜರ್ ಆದರು. ಎಲ್ಲ ತಂಡಗಳೂ ಸೇರಿ ನಮ್ಮ ಕಣ್ಣೆದುರೇ ಒಂದು ಲೀಗ್ ನಡೆಸೋಣ ಎಂದು ಇವರು ಪಟ್ಟು ಹಿಡಿದರು. 1992ರಲ್ಲಿ ಆರು ತಂಡಗಳ ಲೀಗ್ ಶುರುವಾಯಿತು.

ಜಾಗಕ್ಕೆ ಅರಿಜೋನಾವೇ ಏಕೆ? 1947ರಿಂದಲೇ ಮೇಜರ್ ಲೀಗ್ ತಂಡಗಳು ವಸಂತದ ಅಭ್ಯಾಸಕ್ಕೆ ಇಲ್ಲಿಗೆ ಬರುತ್ತಿದ್ದವು. ಅದಕ್ಕೆ ಕಟ್ಟಿದ ಸ್ಟೇಡಿಯಂಗಳು ಅಕ್ಟೋಬರ್‌ನಲ್ಲಿ ಖಾಲಿ ಇರುತ್ತವೆ. ಆ ಹೊತ್ತಿಗೆ ಇಲ್ಲಿಯ ಬಿಸಿಲು ಇಳಿಯುತ್ತಾ ಬರುತ್ತದೆ, ಮಳೆ ಕಡಿಮೆ. ಊರುಗಳೂ ಹತ್ತಿರ ಹತ್ತಿರ. ಇವತ್ತು ಗ್ಲೆಂಡೇಲ್, ಮೇಸಾ, ಪಿಯೋರಿಯಾ, ಸಾಲ್ಟ್ ರಿವರ್, ಸ್ಕಾಟ್ಸ್‌ಡೇಲ್, ಸರ್‌ಪ್ರೈಸ್ ಹೆಸರಿನ ಆರು ತಂಡಗಳಿವೆ, ಎಲ್ಲವೂ ನಾವು ಕಾರಿನಲ್ಲಿ ಹೋಗಿ ಬರುವಷ್ಟೇ ದೂರ.

ಒಂದೊಂದು ತಂಡದಲ್ಲಿ ಐದು ಮೇಜರ್ ಲೀಗ್ ಸಂಸ್ಥೆಗಳ ಹುಡುಗರಿರುತ್ತಾರೆ. ಅಂದರೆ ಮುಂದಿನ ವರ್ಷ ಎದುರಾಳಿಗಳಾಗುವವರು ಆರು ವಾರ ಒಂದೇ ಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ಚಪ್ಪಾಳೆ ತಟ್ಟುತ್ತಾರೆ. ಕೋಚ್‌ಗಳು ಕೂಡ ಬೇರೆ ಬೇರೆ ಸಂಸ್ಥೆಗಳಿಂದ ಬರುತ್ತಾರೆ. ಮೇಲೆ ಹೋಗಲು ಕಾಯುತ್ತಿರುವ ಅಂಪೈರ್‌ಗಳಿಗೂ ಇದೇ ತರಬೇತಿ.

1994: ಜಗತ್ತಿನ ದೊಡ್ಡ ಆಟಗಾರ, ಚಿಕ್ಕ ಮೈದಾನ

ಈ ಲೀಗಿನ ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 1994ರದು. ಆ ವರ್ಷ ಆಗಸ್ಟ್ 12ರಂದು ಮೇಜರ್ ಲೀಗ್ ಆಟಗಾರರು ಮುಷ್ಕರ ಹೂಡಿದರು. ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಅಂಥ ಶರತ್ಕಾಲದಲ್ಲಿ ಸ್ಕಾಟ್ಸ್‌ಡೇಲ್ ಸ್ಕಾರ್ಪಿಯನ್ಸ್ ತಂಡದಲ್ಲಿ ಆಡಲು ಬಂದವರು ಮೈಕಲ್ ಜೋರ್ಡನ್!

ಹೌದು, ಬ್ಯಾಸ್ಕೆಟ್‌ಬಾಲ್‌ನ ಅದೇ ಜೋರ್ಡನ್. ಶಿಕಾಗೊ ಬುಲ್ಸ್‌ಗೆ ಸತತ ಮೂರು ಸಲ ಚಾಂಪಿಯನ್‌ಷಿಪ್ ಗೆದ್ದುಕೊಟ್ಟಿದ್ದವರು. 1993ರ ಜುಲೈನಲ್ಲಿ ಅವರ ತಂದೆಯ ಕೊಲೆಯಾಯಿತು. ಅಕ್ಟೋಬರ್‌ನಲ್ಲಿ ಜೋರ್ಡನ್ ಬ್ಯಾಸ್ಕೆಟ್‌ಬಾಲ್ ಬಿಟ್ಟರು, ಮುಂದಿನ ವರ್ಷ ಡಬಲ್ ಎ ಬೇಸ್‌ಬಾಲ್ ತಂಡ ಸೇರಿದರು. ಅಲ್ಲಿ ಅವರ ಬ್ಯಾಟಿಂಗ್ ಸರಾಸರಿ .202. ಬೇಸ್‌ಬಾಲ್‌ನಲ್ಲಿ ಹತ್ತು ಸಲ ಪ್ರಯತ್ನಿಸಿ ಮೂರು ಸಲ ಹಿಟ್ ಮಾಡಿದರೆ .300, ಅದು ತುಂಬಾ ಒಳ್ಳೆಯ ಸರಾಸರಿ. ಜೋರ್ಡನ್‌ಗೆ ಹತ್ತರಲ್ಲಿ ಎರಡು ಸಿಗುತ್ತಿತ್ತು. ಪತ್ರಿಕೆಗಳು ನಕ್ಕವು.

ಆಗ ಅವರಿಗೆ 31 ವರ್ಷ. ಅಲ್ಲಿಗೇ ಬಿಟ್ಟು ಮನೆಗೆ ಹೋಗಬಹುದಿತ್ತು. ಅವರು ಫಾಲ್ ಲೀಗಿಗೆ ಬಂದು, ತನಗಿಂತ ಸುಮಾರು ಹತ್ತು ವರ್ಷ ಚಿಕ್ಕವರ ಜೊತೆ ಆಡಿ .252ಕ್ಕೆ ಏರಿದರು. ಅಲ್ಲಿಯ ಪಿಚರ್‌ಗಳು ಡಬಲ್ ಎ ಪಿಚರ್‌ಗಳಿಗಿಂತ ಸುಲಭದವರೇನೂ ಆಗಿರಲಿಲ್ಲ. ಮುಷ್ಕರ ಮುಗಿಯುವ ಮೊದಲೇ, 1995ರ ಮಾರ್ಚ್‌ನಲ್ಲಿ ಅವರು ಬ್ಯಾಸ್ಕೆಟ್‌ಬಾಲ್‌ಗೆ ಮರಳಿದರು. ಹೀಗಾಗಿ ಅವರು ಮೇಜರ್ ಲೀಗ್ ಬೇಸ್‌ಬಾಲ್ ಆಡಲೇ ಇಲ್ಲ. ಆದರೆ ಆ ತಂಡದ ಮ್ಯಾನೇಜರ್ ಟೆರ್ರಿ ಫ್ರಾಂಕೋನಾ ಮುಂದೆ ಬಾಸ್ಟನ್ ರೆಡ್ ಸಾಕ್ಸ್‌ನ 86 ವರ್ಷಗಳ ಕಾಯುವಿಕೆಯನ್ನು 2004ರಲ್ಲಿ ಕೊನೆಗೊಳಿಸಿದರು. ಮ್ಯಾನೇಜರ್‌ಗಳೂ ಇಲ್ಲಿ ಕಲಿಯುವವರೇ.

ಅದೇ ವರ್ಷ ಚಾಂಡ್ಲರ್ ತಂಡದಲ್ಲಿ ಡೆರೆಕ್ ಜೀಟರ್ ಎಂಬ 20 ವರ್ಷದ ಹುಡುಗನಿದ್ದ. ಅದರ ಹಿಂದಿನ ವರ್ಷ ಮೈನರ್ ಲೀಗಿನಲ್ಲಿ ಅವನ ಹೆಸರಿನಲ್ಲಿ ದಾಖಲಾದ ಫೀಲ್ಡಿಂಗ್ ತಪ್ಪುಗಳು 56! ಮುಂದೆ ಅವನು ನ್ಯೂಯಾರ್ಕ್ ಯಾಂಕೀಸ್ ನಾಯಕನಾದ. 2020ರಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದಾಗ 397 ಮತಗಳಲ್ಲಿ 396 ಅವನಿಗೇ ಬಿದ್ದವು.

ಪಟ್ಟಿಯ ಕೊನೆಯಲ್ಲಿದ್ದವರು

ಮೊದಲ ವರ್ಷವೇ ಇಲ್ಲಿ ಆಡಿದ ಮೈಕ್ ಪಿಯಾಜಾ ಅವರನ್ನು 1988ರ ಡ್ರಾಫ್ಟ್‌ನಲ್ಲಿ ಆರಿಸಿದ್ದು 62ನೇ ಸುತ್ತಿನಲ್ಲಿ, ಅಂದರೆ 1,390ನೆಯವರಾಗಿ. ಅದೂ ಅವರ ತಂದೆಯ ಸ್ನೇಹಕ್ಕಾಗಿ. 1993ರಲ್ಲಿ ಅವರು ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಗೆದ್ದರು, 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ಆಲ್ಬರ್ಟ್ ಪೂಹೋಲ್ಸ್ ಕಥೆ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿದ ಅವರು 1996ರಲ್ಲಿ ಅಮೆರಿಕಕ್ಕೆ ವಲಸೆ ಬಂದು ಮಿಸೌರಿಯಲ್ಲಿ ಹೈಸ್ಕೂಲು ಸೇರಿದರು. ಬರುವಾಗ ಅವರಿಗೆ 16 ವರ್ಷ, ಈಗ ನನಗಿರುವಷ್ಟೇ. ಹೊಸ ಊರು, ಹೊಸ ಭಾಷೆ. 1999ರ ಡ್ರಾಫ್ಟ್‌ನಲ್ಲಿ ಹನ್ನೆರಡು ಸುತ್ತು ಯಾರೂ ಅವರ ಹೆಸರು ಕರೆಯಲಿಲ್ಲ. 13ನೇ ಸುತ್ತಿನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕರೆಯಿತು. 2000ದಲ್ಲಿ ಫಾಲ್ ಲೀಗ್ ಆಡಿದರು, 2001ರಲ್ಲಿ ಶ್ರೇಷ್ಠ ಹೊಸ ಆಟಗಾರರಾದರು, ನಿವೃತ್ತಿಯಾಗುವಾಗ ಅವರ ಹೆಸರಿನಲ್ಲಿ 703 ಹೋಮ್ ರನ್ ಇದ್ದವು.

2011ರಲ್ಲಿ ಸ್ಕಾಟ್ಸ್‌ಡೇಲ್ ತಂಡದಲ್ಲಿ ಮೈಕ್ ಟ್ರೌಟ್ ಮತ್ತು ಬ್ರೈಸ್ ಹಾರ್ಪರ್ ಒಟ್ಟಿಗೆ ಆಡಿದರು. ಹಾರ್ಪರ್ ಮಿಂಚಿದರು. ಟ್ರೌಟ್ ಸರಾಸರಿ .250 ಕೂಡ ಮುಟ್ಟಲಿಲ್ಲ. ಮುಂದಿನ ವರ್ಷ ಒಂದು ಲೀಗಿನ ಶ್ರೇಷ್ಠ ಹೊಸ ಆಟಗಾರ ಹಾರ್ಪರ್, ಇನ್ನೊಂದು ಲೀಗಿನ ಶ್ರೇಷ್ಠ ಹೊಸ ಆಟಗಾರ ಟ್ರೌಟ್. ಆ ಆರು ವಾರದ ಅಂಕಿ ನೋಡಿ ಟ್ರೌಟ್ ಅಷ್ಟಕ್ಕಷ್ಟೆ ಎಂದು ತೀರ್ಮಾನಿಸಿದ್ದರೆ ಏನಾಗುತ್ತಿತ್ತು ಹೇಳಿ!

ನಿಯಮಗಳಿಗೂ ಪರೀಕ್ಷೆ

ಈ ಲೀಗಿನಲ್ಲಿ ಆಟಗಾರರ ಜೊತೆ ಆಟದ ನಿಯಮಗಳೂ ಕಲಿಯುತ್ತವೆ. 2014ರಲ್ಲಿ ಸಾಲ್ಟ್ ರಿವರ್ ಫೀಲ್ಡ್ಸ್ ಮೈದಾನದಲ್ಲಿ ಒಂದು ಗಡಿಯಾರ ಇಟ್ಟರು. ಪಿಚರ್ 20 ಸೆಕೆಂಡಿನೊಳಗೆ ಚೆಂಡು ಎಸೆಯಬೇಕು. ಬೇಸ್‌ಬಾಲ್‌ಗೆ ಗಡಿಯಾರವೇ ಎಂದು ಹಳಬರು ಮೂಗು ಮುರಿದರು. ಆ ಪ್ರಯೋಗ ಮೈನರ್ ಲೀಗಿನಲ್ಲಿ ವರ್ಷಗಟ್ಟಲೆ ಪಳಗಿ, 2023ರಲ್ಲಿ ಮೇಜರ್ ಲೀಗಿಗೆ ಬಂತು. 2021ರಲ್ಲಿ ಒಂದು ಆಟಕ್ಕೆ ಸರಾಸರಿ 3 ಗಂಟೆ 10 ನಿಮಿಷ ಹಿಡಿಯುತ್ತಿದ್ದದ್ದು 2023ರಲ್ಲಿ ಸುಮಾರು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಸ್ಟ್ರೈಕ್ ಹೌದೋ ಅಲ್ಲವೋ ಎಂದು ಯಂತ್ರ ಹೇಳುವ ವ್ಯವಸ್ಥೆಯನ್ನು 2019ರಲ್ಲಿ ಇಲ್ಲಿ ಪ್ರಯೋಗಿಸಿದರು. ಅಂಪೈರ್ ತೀರ್ಪನ್ನು ಪ್ರಶ್ನಿಸಲು ಅದನ್ನು 2026ರಿಂದ ಮೇಜರ್ ಲೀಗಿನಲ್ಲಿ ಬಳಸಲು 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು.

ಎರಡು ಪ್ರಶಸ್ತಿ, ಎರಡು ಹೆಸರು

ಪ್ರತಿ ವರ್ಷ ಲೀಗಿನ ಶ್ರೇಷ್ಠ ಆಟಗಾರನಿಗೆ ಜೋ ಬ್ಲ್ಯಾಕ್ ಹೆಸರಿನ ಪ್ರಶಸ್ತಿ ಕೊಡುತ್ತಾರೆ. ಬ್ಲ್ಯಾಕ್ 1952ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಆಡಿ, ವರ್ಲ್ಡ್ ಸೀರೀಸ್ ಪಂದ್ಯ ಗೆದ್ದ ಮೊದಲ ಕಪ್ಪು ಪಿಚರ್ ಎನಿಸಿದರು. ಆಟ ಮುಗಿದ ಮೇಲೆ ತಮ್ಮ ಊರಿನ ಶಾಲೆಯಲ್ಲಿ ಮೇಷ್ಟ್ರಾದರು, ಆಮೇಲೆ ಫೀನಿಕ್ಸ್‌ನಲ್ಲಿ ಒಂದು ದೊಡ್ಡ ಬಸ್ ಕಂಪನಿಯ ಅಧಿಕಾರಿಯಾದರು.

ಇನ್ನೊಂದು, ಕ್ರೀಡಾಮನೋಭಾವಕ್ಕೆ ಕೊಡುವ ಡರ್ನೆಲ್ ಸ್ಟೆನ್ಸನ್ ಪ್ರಶಸ್ತಿ. ಸ್ಟೆನ್ಸನ್ ಏಳು ವರ್ಷ ಮೈನರ್ ಲೀಗಿನಲ್ಲಿ ಕಾದು, 2003ರಲ್ಲಿ ಕೊನೆಗೂ ಸಿನ್ಸಿನ್ನಾಟಿ ರೆಡ್ಸ್ ತಂಡಕ್ಕೆ ಆಡಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ, ಇಲ್ಲಿ ಫಾಲ್ ಲೀಗ್ ಆಡುತ್ತಿರುವಾಗಲೇ, ಚಾಂಡ್ಲರ್‌ನಲ್ಲಿ ಅವರ ಹತ್ಯೆಯಾಯಿತು. ಆಗ ಅವರಿಗೆ 25 ವರ್ಷ. ಅವರ ಹೆಸರಿನಲ್ಲಿ ರನ್ ಎಣಿಸದೆ, ತಂಡಕ್ಕಾಗಿ ದುಡಿಯುವ ಗುಣ ನೋಡಿ ಪ್ರಶಸ್ತಿ ಕೊಡುವುದು ಒಳ್ಳೆಯದೇ ಅನಿಸುತ್ತದೆ.

ಇದೆಲ್ಲ ಸುಖದ ದಾರಿಯೂ ಅಲ್ಲ. 2022ರವರೆಗೂ ಡಬಲ್ ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 13,800 ಡಾಲರ್. ಮೈನರ್ ಲೀಗ್ ಆಟಗಾರರು ಸಂಘ ಸೇರಿದ ಮೇಲೆ, 2023ರ ಒಪ್ಪಂದದಲ್ಲಿ ಅದು 30,250 ಆಯಿತು. ಅಷ್ಟು ವರ್ಷ ದುಡಿದರೂ ಮೇಲೆ ತಲುಪದವರು ತಲುಪಿದವರಿಗಿಂತ ಎಷ್ಟೋ ಪಾಲು ಹೆಚ್ಚು.

ಬೆಳೆಯುವ ಸಿರಿ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ನಮ್ಮಲ್ಲಿ ಗಾದೆ ಇದೆ. ಗಾದೆ ಸುಳ್ಳಾಗದು ಎನ್ನುತ್ತಾರೆ. ಆದರೆ ಈ ಲೀಗಿನ ಇತಿಹಾಸ ಓದಿದಾಗ ನನಗೆ ಅನಿಸಿದ್ದು, ಮೊಳಕೆಯಲ್ಲಿ ಸಿರಿ ಇದ್ದರೂ ಅದು ಎಲ್ಲರ ಕಣ್ಣಿಗೂ ಬೇಗ ಕಾಣುವುದಿಲ್ಲ ಎಂದು. ಸರ್‌ಪ್ರೈಸ್ ತಂಡದ ಹೆಸರು ಸವಾರೋಸ್, ನಮ್ಮ ಮರುಭೂಮಿಯ ಆ ಎತ್ತರದ ಕಳ್ಳಿಯ ಹೆಸರು. ಮೊದಲ ಎಂಟು ವರ್ಷದಲ್ಲಿ ಸವಾರೋ ಗಿಡ ಬೆಳೆಯುವುದು ಒಂದರಿಂದ ಒಂದೂವರೆ ಇಂಚು. ಆಗ ನೋಡಿದವರು ಇದು ನಲವತ್ತು ಅಡಿ ಬೆಳೆಯುತ್ತದೆ ಎಂದರೆ ನಂಬುತ್ತಾರೆಯೇ?

ಬೇಸ್‌ಬಾಲ್‌ನವರು ಜಾಣರು. ಬೆಳೆಯಲು ಸಮಯ ಬೇಕು, ಬಿದ್ದರೆ ಪೆಟ್ಟಾಗದ ಒಂದು ಮೈದಾನ ಬೇಕು ಎಂದು ತಿಳಿದು ಅದನ್ನು ಕಟ್ಟಿದರು. ತಮ್ಮ ತಂಗಿಯರೇ, ನಿಮ್ಮ ಹೆಸರು ಈ ವರ್ಷದ ಯಾವುದೋ ಪಟ್ಟಿಯಲ್ಲಿ ಇಲ್ಲದಿದ್ದರೆ 62ನೇ ಸುತ್ತನ್ನು ನೆನಪಿಸಿಕೊಳ್ಳಿ. ಅಂಕಲ್ ಆಂಟಿಯರೇ, ನಿಮ್ಮಲ್ಲಿ ಒಂದು ವಿನಂತಿ: ಮನೆಯಲ್ಲೂ ಒಂದು ಫಾಲ್ ಲೀಗ್ ಇರಲಿ. ಅಂಕ ಲೆಕ್ಕಕ್ಕೆ ಬಾರದ, ಹೊಸದನ್ನು ಪ್ರಯತ್ನಿಸಿ ಸೋತರೂ ಮರುದಿನ ಮತ್ತೆ ಆಡಬಹುದಾದ ಜಾಗ. ನಮ್ಮ ಕನ್ನಡ ಶಾಲೆಯೂ ನನಗೆ ಅಂಥ ಜಾಗವೇ. ಒತ್ತಕ್ಷರ ತಪ್ಪಿದರೆ ಇಲ್ಲಿ ಯಾರೂ ಆಟದಿಂದ ಹೊರಗೆ ಕಳಿಸುವುದಿಲ್ಲ.

ಅಕ್ಟೋಬರ್‌ನಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು ಒಂದು ಆಟ ನೋಡಿ ಬನ್ನಿ. ಸೀಟು ಖಂಡಿತ ಸಿಗುತ್ತದೆ.